ಕನ್ನಡ ಒಂದು ಕಾರ್ಡಾಗಿದ್ದ ಕಾಲ

ಕೈಗೆ ಸಿಗುವುದು ಯಂತ್ರಾಂಶ, ಸಿಗದಿರುವುದು ತಂತ್ರಾಂಶ. ಶಾಲೆಯ ಕಂಪ್ಯೂಟರ್ ಪಾಠ ಶುರುವಾಗುವುದೇ ಹೀಗೆ, ಪರೀಕ್ಷೆಗೆ ಇಷ್ಟು ಸಾಕು ಕೂಡ. ಆದರೆ ಕಂಪ್ಯೂಟರಿನೊಳಕ್ಕೆ ಕನ್ನಡ ಬಂದ ದಾರಿಯನ್ನು ಹಿಡಿದು ಹೊರಟರೆ, ಎರಡರ ನಡುವಿನ ಬೇಲಿ ಒಂದೇ ಕಡೆ ನಿಂತದ್ದು ಕಾಣುವುದಿಲ್ಲ. ಒಂದು ಕಾಲಕ್ಕೆ ಕನ್ನಡವೇ ಕೈಗೆ ಸಿಗುವ ವಸ್ತುವಾಗಿತ್ತು. ದುಡ್ಡು ಕೊಟ್ಟು ತರಬೇಕು, ಪೆಟ್ಟಿಗೆಯ ಸ್ಕ್ರೂ ಬಿಚ್ಚಬೇಕು, ಒಳಗಿನ ಖಾಲಿ ಸ್ಲಾಟಿನಲ್ಲಿ ಸಿಕ್ಕಿಸಬೇಕು.

ಅದಕ್ಕೂ ಹಿಂದೆ ಟೈಪ್‌ರೈಟರು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಮೇಲೆ ಬೆರಳಾಡಿಸಿಯೇ ಸರ್ಕಾರಿ ಕಚೇರಿಗಳ ಕನ್ನಡ ನಡೆಯಿತು. ಅಲ್ಲಿ ತಂತ್ರಾಂಶ ಎಂಬುದೇ ಇಲ್ಲ. ಒತ್ತು, ಗುಣಿತ ಎಲ್ಲವೂ ಲೋಹದ ಅಚ್ಚು. ಅಚ್ಚಿದ್ದರೆ ಅಕ್ಷರ, ಇಲ್ಲದಿದ್ದರೆ ಇಲ್ಲ.

ಈ ಭಾರವನ್ನು ಲೋಹದ ತಲೆಯಿಂದ ಇಳಿಸಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಬಳಿಕ ಮುದ್ರಣದ ಮಾನೋಟೈಪ್ ಕಂಪನಿಯಲ್ಲಿ ದುಡಿದವರು. ಬೆರಳು ಧ್ವನಿಯನ್ನಷ್ಟೇ ತಿಳಿಸಲಿ, ಆಕಾರ ಕೂಡಿಸುವ ಕೆಲಸ ಯಂತ್ರಕ್ಕಿರಲಿ ಎಂಬುದು ಅವರ ಹಂಚಿಕೆ. ಹಾಗಾಗಿ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡ ಅಡಕವಾಯಿತು. ಒತ್ತಕ್ಷರ ಬೇಕಿದ್ದರೆ ನಡುವೆ ಎಫ್ ಕೀಲಿ ಒತ್ತಿದರಾಯಿತು. ಈ ವಿನ್ಯಾಸವನ್ನೊಳಗೊಂಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅವರು ಪುಕ್ಕಟೆಯಾಗಿ ಹಂಚಿದರು. ಮುಂದೆ ಸರ್ಕಾರ ಶಿಷ್ಟ ಎಂದು ಒಪ್ಪಿದ್ದು, ಇವತ್ತು ‘ನುಡಿ ಕೀಬೋರ್ಡ್’ ಎಂದು ಎಲ್ಲರೂ ಕರೆಯುವುದು ಇದರ ಬಳಗವೇ. ಕನ್ನಡ ಗಣಕದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನನಗಂತೂ ಕಾಣದು.

ಆದರೂ ನಡುವೆ ಕಾರ್ಡಿನ ಕಾಲವೊಂದು ಬರಬೇಕಾಯಿತು. ಡಾಸ್ ಹೊತ್ತ ಅಂದಿನ ಪಿಸಿಗೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಒತ್ತು, ದೀರ್ಘ, ಕೊಂಬುಗಳನ್ನು ಕೂಡಿಸಿ ತೆರೆಯ ಮೇಲೆ ಬಿಡಿಸಲು ಅದರ ನೆನಪೂ ಸಾಲದು, ವೇಗವೂ ಸಾಲದು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್ ಕೈಯಲ್ಲಿ ಮಾರುಕಟ್ಟೆಗೆ ಬಂದ ಜಿಸ್ಟ್ ಕಾರ್ಡು ಆ ಕೆಲಸವನ್ನು ತಾನು ವಹಿಸಿಕೊಂಡಿತು. ಮೇಲೆ ಓಡುವ ಡಿಬೇಸ್‌ನಂಥ ಪ್ರೋಗ್ರಾಮಿಗೆ ಕೆಳಗೆ ಕನ್ನಡ ನಡೆಯುತ್ತಿದೆಯೆಂಬ ಸುಳಿವೂ ಇರುತ್ತಿರಲಿಲ್ಲ. ಕಾರ್ಡು ಇಲ್ಲದಿದ್ದರೆ ಅಂಥ ಪ್ರೋಗ್ರಾಮುಗಳಲ್ಲಿ ಕನ್ನಡವೂ ಇಲ್ಲ.

ವಿಂಡೋಸ್ ಬಂದ ಮೇಲೆ ಅಕ್ಷರದ ಆಕಾರ ಫಾಂಟಿಗೆ ವರ್ಗವಾಯಿತು, ಕಾರ್ಡು ಗುಜರಿಗೆ ಹೋಯಿತು. 1996ರ ಡಿಸೆಂಬರಿನಲ್ಲಿ ಯು.ಬಿ. ಪವನಜರ ‘ವಿಶ್ವ ಕನ್ನಡ’ ಅಂತರಜಾಲಕ್ಕೆ ಕಾಲಿಟ್ಟಿತು. 1998ರ ಜನವರಿ ಒಂದರಂದು ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಡಿಟಿಪಿ ಅಂಗಡಿಗಳು ಊರೂರಲ್ಲಿ ತೆರೆದದ್ದು, ಮದುವೆ ಕರೆಯೋಲೆಯಿಂದ ಪಂಚಾಯಿತಿ ನೋಟಿಸಿನವರೆಗೆ ಕನ್ನಡ ಓಡಾಡಿದ್ದು ಇವುಗಳ ಬಲದಿಂದ.

ಒಳಗಿನ ಹೂರಣ ಮಾತ್ರ ಬೇರೆಯೇ. ಫಾಂಟಿನಲ್ಲಿದ್ದದ್ದು 256 ಖಾನೆ. ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ಅಲ್ಲಿದ್ದ ಚಿತ್ರ ತೆಗೆದು ಕನ್ನಡದ ತುಣುಕು ಕೂರಿಸಿದ್ದಷ್ಟೇ ನಾವು ಮಾಡಿದ್ದು. ನುಡಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿ ಫಾಂಟ್ ಬದಲಿಸಿದರೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು ಎಲ್ಲ ಸಾಲಾಗಿ ಎದ್ದು ಬರುತ್ತವೆ. ಕಂಪ್ಯೂಟರ್ ನೆನಪಿಟ್ಟುಕೊಂಡದ್ದು ಅದನ್ನೇ. ಕಣ್ಣಿಗೆ ಕನ್ನಡ, ಕಡತದಲ್ಲಿ ಕಸ. ಅಕಾರಾದಿಯಾಗಿ ಜೋಡಿಸು ಎಂದರೆ ಅದಕ್ಕೆ ಅಕಾರವೇ ತಿಳಿಯದು.

ಇದು ಭಾಷೆಯ ಅಳಿವು ಉಳಿವಿನ ಪ್ರಶ್ನೆ ಎಂದು ಗಟ್ಟಿ ದನಿಯಲ್ಲಿ ಹೇಳಿದವರು ನಮ್ಮ ಮಲೆನಾಡಿನ ಗುಡ್ಡಗಳಲ್ಲೇ ಇದ್ದರು. ಮೂಡಿಗೆರೆಯ ‘ನಿರುತ್ತರ’ದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ, ಕಾಫಿ ಗಿಡ, ಹಕ್ಕಿ, ಕ್ಯಾಮೆರಾಗಳಷ್ಟೇ ಹಟದಿಂದ ಕಂಪ್ಯೂಟರಿಗೂ ಅಂಟಿಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಸಾಹಿತಿಗೆ ಇದೆಲ್ಲ ಯಾಕೆ ಎಂದವರೂ ಇದ್ದರು. ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪರಿಹಾರ ಕಣ್ಣೆದುರೇ ಇತ್ತು, ಕಚೇರಿಗಳು ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ಖಾನೆ ಮೀಸಲಾಗಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಎಂಬ ಫಾಂಟಿನ ಜೊತೆ ಅದನ್ನು ಮನೆಮನೆಗೆ ತಲುಪಿಸಿತು. ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಬಾಬಾಬುಡನ್‌ಗಿರಿ ದಾರಿಯ ಅತ್ತಿಗುಂಡಿಯ ಹೆಸರನ್ನೇ ಟೈಪಿಸಿ ನೋಡಬಹುದು. ಕೆ.ಪಿ. ರಾವ್ ವಿನ್ಯಾಸದಲ್ಲಿ ಹತ್ತು ಸಲ ಕೀಲಿ ಒತ್ತಬೇಕು. ಯಾವ ಕೀಲಿ ಕೆಳಗಿಳಿಯಿತು ಎಂಬ ಸಂಖ್ಯೆಯನ್ನಷ್ಟೇ ಕೀಲಿಮಣೆ ಕಳಿಸುತ್ತದೆ, ಅದಕ್ಕೆ ಭಾಷೆಯ ಗೊಡವೆಯಿಲ್ಲ. ಕಾರ್ಯಾಚರಣಾ ವ್ಯವಸ್ಥೆ ಆ ಸಂಖ್ಯೆಯನ್ನು ಕನ್ನಡದ ಸಂಕೇತವಾಗಿ ಬದಲಿಸುತ್ತದೆ. ಅ, ತ, ವಿರಾಮ, ತ, ಇಕಾರ, ಗ, ಉಕಾರ, ಸೊನ್ನೆ, ಡ, ಇಕಾರ. ಈ ಹತ್ತು ಸಂಕೇತಗಳು ನೆನಪಿನಲ್ಲಿ ಕೂರುತ್ತವೆ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದರೆ ಡಿಸ್ಕಿನಲ್ಲಿ 30 ಬೈಟು. ತಕ್ಕೆ ತ ಒತ್ತು ಕೊಟ್ಟು ನಾಲ್ಕೇ ಅಕ್ಷರವಾಗಿ ತೆರೆಯ ಮೇಲೆ ಬಿಡಿಸುವುದು ಪ್ರೋಗ್ರಾಮು ಮತ್ತು ಫಾಂಟು ಸೇರಿ. ಹಿಂದೆ ಕಾರ್ಡು ಮಾಡುತ್ತಿದ್ದ ಕೆಲಸವೇ ಇದು. ಈಗ ಅದನ್ನು ಮೊಬೈಲೂ ಸದ್ದಿಲ್ಲದೆ ಮಾಡುತ್ತದೆ.

ಮಲೆನಾಡಿನ ಬೆಳೆಗಾರರಿಗೆ ಕಂಪ್ಯೂಟರಿನ ಬಿಸಿ ತಟ್ಟಿದ್ದು ಸಾಹಿತ್ಯದಿಂದಲ್ಲ, ಪಹಣಿಯಿಂದ. ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ವಹಿಗಳಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಎತ್ತಿಹಾಕಿತು. ಹದಿನೈದು ರೂಪಾಯಿಗೆ ಪಹಣಿ ಕೈಸೇರತೊಡಗಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸರದಿ. ಖಾತೆ ಬದಲಾವಣೆಯ ಅರ್ಜಿ ಬಂದ ಕ್ರಮದಲ್ಲೇ ಮುಂದೆ ಹೋಗಬೇಕೆಂದು ಪ್ರೋಗ್ರಾಮಿನಲ್ಲೇ ಬರೆಯಲಾಗಿತ್ತು, ಒಳಹೊಕ್ಕ ನೌಕರರು ಯಾರೆಂದು ಹೇಳಲು ಬೆರಳಚ್ಚಿನ ಸಾಧನವಿತ್ತು. ನಿಯಮ ತಂತ್ರಾಂಶದಲ್ಲಿ, ಕಾವಲು ಯಂತ್ರಾಂಶದಲ್ಲಿ.

‘ಭೂಮಿ’ ಬಂದ ವರ್ಷಗಳಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್ಕೋರ್ ಕಂಪನಿಯೊಂದಿಗೆ ಸೇರಿ ಅಂಗೈ ಅಗಲದ ‘ಸಿಂಪ್ಯೂಟರ್’ ಕಟ್ಟಿದರು. ಲಿನಕ್ಸ್ ಮೇಲೆ ಓಡುತ್ತಿತ್ತು, ಕನ್ನಡದ ಪಠ್ಯವನ್ನು ಓದಿ ಹೇಳುವ ಏರ್ಪಾಡೂ ಅದಕ್ಕಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂತು, ನಿಲ್ಲಲಿಲ್ಲ. ಅಗ್ಗದ ಮೊಬೈಲು ಅದರ ಜಾಗವನ್ನು ನುಂಗಿತು.

ಇಂದು ಗಿರಿಯ ಊರುಗಳಲ್ಲಿ ಕನ್ನಡದ ತಂತ್ರಾಂಶಕ್ಕೆ ಬರವಿಲ್ಲ. ಕೈಕೊಡುವುದು ಮತ್ತೆ ಕೈಗೆ ಸಿಗುವ ವಸ್ತುಗಳೇ: ಮಳೆಗಾಲದ ಕರೆಂಟು, ಟವರಿನ ಬ್ಯಾಟರಿ, ಸಿಡಿಲಿಗೆ ಸುಟ್ಟ ಮೋಡೆಮ್ಮು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಸೌರ ಫಲಕದ ಬಲದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಯಲಹಂಕಕ್ಕೆ ಅಂಕಿ ಕಳಿಸುತ್ತವೆ. ಅವು ಬಂದದ್ದು ಒಳ್ಳೆಯದೇ. ಆದರೆ ಒಂದು ಗುಡ್ಡದ ಈ ಮಗ್ಗುಲಿಗೆ ಕಾಫಿ ಅರಳಿಸುವ ಹೂಮಳೆ ಬಿದ್ದು ಆ ಮಗ್ಗುಲು ಒಣಗಿರುವ ಸೀಮೆಯಲ್ಲಿ ಪಂಚಾಯಿತಿಗೊಂದು ಮಾಪಕ ಎಲ್ಲಿ ಸಾಕು? ಹಾಗಾಗಿ ತೋಟದ ಅಂಗಳದಲ್ಲಿ ಹಳೆಯ ಮಳೆಮಾಪಕ ಇನ್ನೂ ನಿಂತಿದೆ. ಮೊಬೈಲು 15 ಮಿಲಿಮೀಟರ್ ಎಂದದ್ದನ್ನು ಬೆಳೆಗಾರರು ಇಂಚನ್ನು ನೂರು ಸೆಂಟಾಗಿ ಎಣಿಸುವ ತಮ್ಮ ಲೆಕ್ಕದಲ್ಲಿ ಅರವತ್ತು ಸೆಂಟಿಗೆ ಒಂದು ಕಮ್ಮಿ ಎಂದು ಓದಿಕೊಂಡು, ತಮ್ಮ ಅಂಗಳದ ಲೆಕ್ಕದ ಪಕ್ಕ ಅದನ್ನೂ ಡೈರಿಯಲ್ಲಿ ಪೆನ್ನಿನಿಂದ ಬರೆದಿಡುತ್ತಾರೆ.