ಹೊರೆ ಹೊತ್ತ ರೆಕ್ಕೆಗಳು: ವಾಯುಪಡೆಯ ಸಾಗಣೆ ಸ್ಕ್ವಾಡ್ರನ್‌ಗಳು ನಡೆದು ಬಂದ ದಾರಿ

1948ರಲ್ಲಿ ರಾಯಚೂರು, ಮಾನ್ವಿ, ದೇವದುರ್ಗ ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದವು. ಭಾರತ ಸರ್ಕಾರ ಹೈದರಾಬಾದ್ ಸಂಸ್ಥಾನದ ಗಡಿಗಳನ್ನು ಬಿಗಿ ಮಾಡಿತ್ತು. ನೆಲದ ದಾರಿ ಮುಚ್ಚಿದಾಗ ಆಸ್ಟ್ರೇಲಿಯಾದ ಪೈಲಟ್ ಸಿಡ್ನಿ ಕಾಟನ್ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಶಸ್ತ್ರಾಸ್ತ್ರ ತುಂಬಿ ತಂದು ಸಂಸ್ಥಾನದೊಳಗೆ ಇಳಿಸತೊಡಗಿದ. ಆ ವಿಮಾನಗಳು ಇಳಿದ ತಾಣಗಳಲ್ಲಿ ನಮ್ಮ ಬೀದರ್ ಕೂಡ ಒಂದು. ಅದೇ ವರ್ಷದ ಮೇ 24ರಂದು, ದೇಶದ ಇನ್ನೊಂದು ತುದಿಯಲ್ಲಿ, ಭಾರತೀಯ ವಾಯುಪಡೆಯ ಡಕೋಟಾ ಒಂದು ಲೇಹ್‌ನ ಮರಳುನೆಲದ ಮೇಲೆ ಮೊದಲ ಬಾರಿಗೆ ಇಳಿಯಿತು. ಒಂದು ಕಡೆ ಭಾರತಕ್ಕೆ ಸೇರಲೊಲ್ಲದ ನಿಜಾಮನ ಹಟಕ್ಕೆ ಆಸರೆ, ಇನ್ನೊಂದು ಕಡೆ ಲಡಾಖಿನ ಜನರಿಗೆ ಉಸಿರು. ಎರಡನ್ನೂ ಹೊತ್ತದ್ದು ಬಂದೂಕಿಲ್ಲದ ಸಾಗಣೆ ವಿಮಾನವೇ.

ವಾಯುಪಡೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಯುದ್ಧವಿಮಾನ. ಸಾಗಣೆ ಸ್ಕ್ವಾಡ್ರನ್‌ಗಳ ಕೆಲಸ ಸುದ್ದಿಯಾಗುವುದು ಅಪರೂಪ. ಆದರೆ ಗಡಿಯ ಸೈನಿಕನ ಊಟ, ಪರದೇಶದಲ್ಲಿ ಸಿಕ್ಕಿಬಿದ್ದವರ ಬಿಡುಗಡೆ, ನೆರೆ ಬಂದ ಊರಿಗೆ ದೋಣಿ, ಎಲ್ಲವೂ ಇವುಗಳ ಹೊಟ್ಟೆಯಲ್ಲೇ ಹೋಗಿವೆ. ಈ ಎಂಟು ದಶಕಗಳ ಚರಿತ್ರೆಯನ್ನು ಮೂರು ಪ್ರಶ್ನೆಗಳು ನಡೆಸಿವೆ: ವಿಮಾನ ಎಷ್ಟು ಹೊರಬಲ್ಲದು, ಎಷ್ಟು ಎತ್ತರಕ್ಕೆ ಏರಬಲ್ಲದು, ಎಂಥ ನೆಲದ ಮೇಲೆ ಇಳಿಯಬಲ್ಲದು.

ಡಕೋಟಾ ಕಾಲ

ಎರಡನೇ ಮಹಾಯುದ್ಧ ಈ ಕ್ಷೇತ್ರಕ್ಕೆ ಬುನಾದಿ ಹಾಕಿತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ ಆರಂಭಿಸಿದ್ದರು. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಡಕೋಟಾ ಎಂದೇ ಹೆಸರಾದ ಸಿ-47 ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುವ ಕೈಚಳಕ ಕನ್ನಡ ನೆಲದ ಕೆಲಸಗಾರರಿಗೆ ಒಲಿದದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಉಳಿದುಹೋದ ಎಷ್ಟೋ ಡಕೋಟಾಗಳನ್ನು ಇದೇ ಕಾರ್ಖಾನೆ ಸರಿಪಡಿಸಿ ಮತ್ತೆ ಹಾರಿಸಿತು.

12ನೇ ಸ್ಕ್ವಾಡ್ರನ್ 1945ರ ಡಿಸೆಂಬರ್‌ನಲ್ಲಿ ಕೊಹಾಟ್‌ನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳೊಂದಿಗೆ ಹುಟ್ಟಿತು. ಮರುವರ್ಷ ಅದರ ಕೈಗೆ ಡಕೋಟಾಗಳು ಬಂದವು. ದೇಶ ವಿಭಜನೆಯಾದಾಗ ಭಾರತದ ಪಾಲಿಗೆ ಉಳಿದ ಸಾಗಣೆ ಸ್ಕ್ವಾಡ್ರನ್ ಇದೊಂದೇ. ಎರಡೇ ತಿಂಗಳಲ್ಲಿ, ಕಾಶ್ಮೀರದ ಮೇಲೆ ದಾಳಿ ನಡೆದಾಗ, ಅದರ ಪರೀಕ್ಷೆಯೂ ಎದುರಾಯಿತು. 1947ರ ಅಕ್ಟೋಬರ್ 27ರಂದು ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ನೇತೃತ್ವದ ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ದಿಲ್ಲಿಯಿಂದ ಶ್ರೀನಗರಕ್ಕೆ ಹಾರಿತು. ವಾಯುಪಡೆಯ ಡಕೋಟಾಗಳ ಜೊತೆಗೆ ಖಾಸಗಿ ಕಂಪನಿಗಳ ಡಕೋಟಾಗಳೂ ಸೇರಿ ಈ ಕೆಲಸ ಮಾಡಿದವು. ಒಂದು ಡಕೋಟಾ ಹೊರುತ್ತಿದ್ದುದು ಹೆಚ್ಚೆಂದರೆ ಮೂರು ಟನ್‌ನಷ್ಟು. ಆದರೂ ದಿನವೂ ಬಿಡದೆ ಹೋಗಿ ಬಂದದ್ದರಿಂದ ಕಣಿವೆ ಕೈತಪ್ಪಲಿಲ್ಲ.

ಲೇಹ್‌ನ ಕತೆಯಲ್ಲಿ ನಮ್ಮವರೊಬ್ಬರಿದ್ದಾರೆ. ಎಂಜಿನಿಯರ್ ಸೋನಮ್ ನೋರ್ಬು ಸ್ಥಳೀಯರ ನೆರವಿನಿಂದ ಕೆಲವೇ ವಾರಗಳಲ್ಲಿ ಸಮತಟ್ಟು ಮಾಡಿದ, 3,000 ಮೀಟರ್‌ಗೂ ಹೆಚ್ಚು ಎತ್ತರದ ಆ ನೆಲದ ಮೇಲೆ ವಿಮಾನ ಇಳಿಸಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ಜೊತೆಯಲ್ಲಿ ಕುಳಿತು ಬಂದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಆ ದಾರಿಯ ಸರಿಯಾದ ನಕ್ಷೆ ಇರಲಿಲ್ಲ, ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯೂ ಇರಲಿಲ್ಲ. ಅಂಥ ವಿಮಾನದಲ್ಲಿ ಜೋಜಿಲಾ ದಾಟಲು ಪೈಲಟ್‌ನ ಧೈರ್ಯದಷ್ಟೇ ಸೇನಾನಿಯ ನಂಬಿಕೆಯೂ ಬೇಕಿತ್ತು.

ಎತ್ತರದ ಸವಾಲು, ಬೆಂಗಳೂರಿನ ಉತ್ತರ

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಸಿಗುವ ಎತ್ತುಬಲ ಕಡಿಮೆಯಾಗುತ್ತದೆ, ಎಂಜಿನ್ ಸೊರಗುತ್ತದೆ. ಅದೇ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕು, ಇಲ್ಲವೇ ಹೊರೆ ಇಳಿಸಬೇಕು. ಹಿಮಾಲಯದ ಠಾಣೆಗಳಿಗೆ ಸಾಮಾನು ಸಾಗಿಸುವ ಪ್ರತಿ ಸ್ಕ್ವಾಡ್ರನ್ನೂ ಈ ಲೆಕ್ಕವನ್ನು ದಿನವೂ ಬಿಡಿಸುತ್ತದೆ.

1954ರಲ್ಲಿ ಬಂದ ಅಮೆರಿಕದ ಫೇರ್‌ಚೈಲ್ಡ್ ಪ್ಯಾಕೆಟ್ ಡಕೋಟಾಕ್ಕಿಂತ ಹೆಚ್ಚು ಹೊರುತ್ತಿತ್ತು. ಡಕೋಟಾದ ಪಕ್ಕದ ಬಾಗಿಲಿನಿಂದ ಮೂಟೆಗಳನ್ನು ಒಂದೊಂದಾಗಿ ತಳ್ಳಬೇಕಿತ್ತು. ಪ್ಯಾಕೆಟ್‌ನ ಹಿಂಭಾಗವೇ ತೆರೆದುಕೊಳ್ಳುತ್ತಿದ್ದರಿಂದ ಜೀಪು, ದೊಡ್ಡ ಪೆಟ್ಟಿಗೆಗಳೂ ಒಳಗೆ ಹೋದವು. ಕೊರತೆಯಿದ್ದದ್ದು ಎತ್ತರದಲ್ಲಿ ಬೇಕಾದ ಶಕ್ತಿಯದು. ಅದಕ್ಕೆ ಕಂಡುಕೊಂಡ ಉಪಾಯ ವಿಮಾನದ ಬೆನ್ನ ಮೇಲೆ ಮೂರನೆಯದಾಗಿ ಒಂದು ಜೆಟ್ ಎಂಜಿನ್ ಕೂರಿಸುವುದು. ಇದಕ್ಕಾಗಿ ಬೆಂಗಳೂರಿನ ಎಚ್‌ಎಎಲ್ ತಾನೇ ತಯಾರಿಸುತ್ತಿದ್ದ ಆರ್ಫಿಯಸ್ ಎಂಜಿನ್ ಅಳವಡಿಸಿತು. ನ್ಯಾಟ್ ಯುದ್ಧವಿಮಾನಕ್ಕೆಂದು ಮಾಡುತ್ತಿದ್ದ ಎಂಜಿನ್ ಹೀಗೆ ಸರಕು ವಿಮಾನದ ಬೆನ್ನೇರಿತು. 1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ವಿಮಾನವನ್ನು 5,000 ಮೀಟರ್‌ಗೂ ಮೇಲಿರುವ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು.

ಹೊರೆಯ ಪ್ರಶ್ನೆಗೆ ಉತ್ತರ ಸೋವಿಯತ್ ಒಕ್ಕೂಟದಿಂದ ಬಂತು. 1961ರಲ್ಲಿ ಕಟ್ಟಿದ 44ನೇ ಸ್ಕ್ವಾಡ್ರನ್‌ಗೆ ಸುಮಾರು 20 ಟನ್ ಹೊರುವ ಆಂಟೊನೊವ್-12 ಸಿಕ್ಕಿತು. ಮರುವರ್ಷ ಚೀನಾ ಯುದ್ಧದ ನಡುವೆ ಈ ವಿಮಾನಗಳು ಎಎಂಎಕ್ಸ್-13 ಟ್ಯಾಂಕುಗಳನ್ನೇ ಲಡಾಖಿನ ಚುಶೂಲ್‌ಗೆ ಹೊತ್ತೊಯ್ದವು. ಟ್ಯಾಂಕು ಹಾರಿಬರಬಹುದು ಎಂದಾದ ಮೇಲೆ ಗಡಿರಕ್ಷಣೆಯ ಯೋಚನೆಯೇ ಬದಲಾಯಿತು. ಬಾಂಗ್ಲಾದೇಶ ಯುದ್ಧದಲ್ಲಿ, 1971ರ ಡಿಸೆಂಬರ್ 11ರಂದು, ಟಾಂಗೈಲ್‌ನಲ್ಲಿ ಎರಡನೇ ಪ್ಯಾರಾ ಬೆಟಾಲಿಯನ್ ಕೆಳಗಿಳಿದಾಗ ಡಕೋಟಾ, ಪ್ಯಾಕೆಟ್, ಈ ನಡುವೆ ಬಂದಿದ್ದ ಕ್ಯಾರಿಬೂ, ಆಂಟೊನೊವ್ ನಾಲ್ಕೂ ಆ ಆಕಾಶದಲ್ಲಿದ್ದವು. ಎರಡೂವರೆ ದಶಕಗಳಲ್ಲಿ ಕೂಡಿಸಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಕೆಲಸಕ್ಕೆ ಬಂತು.

ಬೆಂಗಳೂರಿನಿಂದ ಜಾಫ್ನಾಕ್ಕೆ

1984ರಿಂದ ಆಂಟೊನೊವ್-32 ಬರತೊಡಗಿತು. ಬಿಸಿ ನೆಲ ಮತ್ತು ಎತ್ತರದ ನೆಲ ಎರಡಕ್ಕೂ ಒಗ್ಗುವಂತೆ ಹೆಚ್ಚು ಬಲದ ಎಂಜಿನ್‌ಗಳನ್ನು ರೆಕ್ಕೆಯ ಮೇಲಕ್ಕೆ ಎತ್ತಿ ಕೂರಿಸಿದ ವಿಮಾನ ಇದು. ಹೊರುವುದು ಆರೂವರೆ ಟನ್ ಆಸುಪಾಸು. ನೂರಕ್ಕೂ ಹೆಚ್ಚು ಬಂದವು. ಚಂಡೀಗಢದ 48ನೇ, ಜೋರ್ಹಾಟ್‌ನ 43ನೇ, ಸೂಲೂರಿನ 33ನೇ ಸ್ಕ್ವಾಡ್ರನ್‌ಗಳು ಇದನ್ನೇ ನೆಚ್ಚಿಕೊಂಡವು. ಮರುವರ್ಷ ಬಂದ ಇಲ್ಯುಷಿನ್-76 ಭಾರಿ ಹೊರೆಯನ್ನು ವಹಿಸಿಕೊಂಡಿತು.

ಈ ವಿಮಾನಗಳ ಮೊದಲ ದೊಡ್ಡ ರಾಜಕೀಯ ಕಾರ್ಯಾಚರಣೆ ಹೊರಟದ್ದು ಕರ್ನಾಟಕದಿಂದ. ಜಾಫ್ನಾದ ಜನರಿಗೆಂದು ಭಾರತ ಕಳುಹಿಸಿದ್ದ ಪರಿಹಾರದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ಹಿಂದಕ್ಕೆ ಕಳಿಸಿದ ಮರುದಿನ, 1987ರ ಜೂನ್ 4ರಂದು, ಆಗ್ರಾದಿಂದ ಬಂದ ಐದು ಆಂಟೊನೊವ್-32 ವಿಮಾನಗಳು ಬೆಂಗಳೂರಿನಲ್ಲಿ ಸಜ್ಜಾಗಿ ಮೇಲೆದ್ದವು. ಮಿರಾಜ್ ಯುದ್ಧವಿಮಾನಗಳು ಬೆಂಗಾವಲಾಗಿದ್ದವು. ಸುಮಾರು 25 ಟನ್ ಆಹಾರ, ಔಷಧಗಳು ಪ್ಯಾರಾಚೂಟ್‌ಗಳಲ್ಲಿ ಇಳಿದವು. ಮರುವರ್ಷ ನವೆಂಬರ್ 3ರಂದು 44ನೇ ಸ್ಕ್ವಾಡ್ರನ್ನಿನ ಇಲ್ಯುಷಿನ್‌ಗಳು ಆಗ್ರಾದಿಂದ ಪ್ಯಾರಾ ಯೋಧರನ್ನು ಹೊತ್ತು ರಾತ್ರಿ ಮಾಲ್ಡೀವ್ಸ್‌ನ ಹುಲುಲೆಯಲ್ಲಿ ಇಳಿದು ಅಲ್ಲಿನ ಸರ್ಕಾರವನ್ನು ದಂಗೆಯಿಂದ ಉಳಿಸಿದವು.

ಯಲಹಂಕದ ಪಾಲನ್ನೂ ಇಲ್ಲಿ ಹೇಳಬೇಕು. ಏರ್ ಷೋ ನಡೆಯುವ ಜಾಗ ಎಂದೇ ನಾವು ಬಲ್ಲ ಆ ವಾಯುನೆಲೆ ದಶಕಗಳ ಕಾಲ ಸಾಗಣೆ ಪೈಲಟ್‌ಗಳನ್ನು ತಯಾರಿಸಿದೆ. ಆವ್ರೊ, ಡಾರ್ನಿಯರ್, ಆಂಟೊನೊವ್‌ಗಳಲ್ಲಿ ಅಲ್ಲಿ ಕೈ ಪಳಗಿಸಿಕೊಂಡವರು ಮುಂದೆ ಲಡಾಖ್, ಅರುಣಾಚಲದ ಕಣಿವೆಗಳಿಗೆ ಹೋಗುತ್ತಾರೆ.

ತೆತ್ತ ಬೆಲೆ

ಈ ಚರಿತ್ರೆಯನ್ನು ಗೆಲುವುಗಳಿಂದಷ್ಟೇ ಬರೆಯಲಾಗದು. 1968ರ ಫೆಬ್ರವರಿ 7ರಂದು ಹವಾಮಾನ ಕೆಟ್ಟು ಲೇಹ್‌ನ ದಾರಿಯಿಂದ ಹಿಂದಿರುಗುತ್ತಿದ್ದ ಆಂಟೊನೊವ್-12 ರೋಹ್ತಾಂಗ್ ಸಮೀಪ ಕಣ್ಮರೆಯಾಯಿತು. ಅದರಲ್ಲಿ 102 ಮಂದಿ ಇದ್ದರು. 2003ರಲ್ಲಿ ಹಿಮದೊಳಗೆ ಮೊದಲ ಕುರುಹು ಸಿಕ್ಕಿತು. ಶವಗಳ ಹುಡುಕಾಟ 2024ರಲ್ಲೂ ನಡೆದಿತ್ತು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ 33ನೇ ಸ್ಕ್ವಾಡ್ರನ್ನಿನ ಆಂಟೊನೊವ್-32 ಬಂಗಾಳ ಕೊಲ್ಲಿಯಲ್ಲಿ 29 ಜನರೊಂದಿಗೆ ಮುಳುಗಿತು. ಅವಶೇಷ ಪತ್ತೆಯಾದದ್ದು 2024ರ ಜನವರಿಯಲ್ಲಿ. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಕ್ಕೆ ಹೊರಟ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 13 ಮಂದಿ ತೀರಿಕೊಂಡರು. ಇವರಲ್ಲಿ ಯಾರೂ ಶತ್ರುವಿನ ಗುಂಡಿಗೆ ಬಲಿಯಾದವರಲ್ಲ. ದಿನನಿತ್ಯದ ಸಾಗಣೆಯೇ ಇಷ್ಟು ಅಪಾಯದ್ದು ಎಂಬುದನ್ನು ದೇಶ ಮರೆಯಬಾರದು.

ಹೊಸ ಪೀಳಿಗೆ

2011ರಲ್ಲಿ ಹಿಂಡನ್ ನೆಲೆಯ 77ನೇ ಸ್ಕ್ವಾಡ್ರನ್ನಿಗೆ ಸಿ-130ಜೆ ಬಂತು. 2013ರಲ್ಲಿ ಅಲ್ಲಿಯೇ 81ನೇ ಸ್ಕ್ವಾಡ್ರನ್ 70 ಟನ್‌ಗೂ ಹೆಚ್ಚು ಹೊರುವ ಸಿ-17ರೊಂದಿಗೆ ಸಿದ್ಧವಾಯಿತು. ಅದೇ ವರ್ಷ ಆಗಸ್ಟ್ 20ರಂದು ಸಿ-130ಜೆ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಸಿ-17ರಂಥ ದೈತ್ಯ ವಿಮಾನಗಳು ಖಾಲಿ ಆಮ್ಲಜನಕ ಟ್ಯಾಂಕರುಗಳನ್ನು ಉತ್ಪಾದನಾ ಘಟಕಗಳಿಗೆ ಮುಟ್ಟಿಸಿ ದಿನಗಟ್ಟಲೆಯ ರಸ್ತೆ ಪಯಣವನ್ನು ಗಂಟೆಗಳಿಗೆ ಇಳಿಸಿದವು.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ ಮಾರಿ ಬದುಕುವ ಆ ಜನರನ್ನೂ ಒಳಗೊಂಡಂತೆ ಭಾರತೀಯರನ್ನು ಮನೆಗೆ ಕರೆತಂದ ಕಾರ್ಯಾಚರಣೆಗೆ ಕಾವೇರಿಯ ಹೆಸರು. ನೌಕಾಪಡೆಯ ಹಡಗುಗಳ ಜೊತೆ ಸಿ-130ಜೆಗಳೂ ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ಜನರನ್ನು ಸಾಗಿಸಿದವು. ಖಾರ್ತೂಮ್‌ನ ಉತ್ತರಕ್ಕಿರುವ ವಾದಿ ಸೈಯದ್‌ನಾದಲ್ಲಿ, ದೀಪವೂ ಇಲ್ಲದ ಹದಗೆಟ್ಟ ಪಟ್ಟಿಯ ಮೇಲೆ, ರಾತ್ರಿನೋಟದ ಕನ್ನಡಕ ಧರಿಸಿದ ಪೈಲಟ್‌ಗಳು ವಿಮಾನ ಇಳಿಸಿ 121 ಮಂದಿಯನ್ನು ಪಾರು ಮಾಡಿದರು.

ಹಳೆಯ ಆವ್ರೊಗಳ ಜಾಗಕ್ಕೆ ಈಗ ಸಿ-295 ಬರುತ್ತಿದೆ. 2021ರ ಒಪ್ಪಂದದಂತೆ ಒಟ್ಟು 56. ಅವುಗಳಲ್ಲಿ 40ನ್ನು ವಡೋದರಾದಲ್ಲಿ ಟಾಟಾ ಸಂಸ್ಥೆ ಕಟ್ಟಬೇಕು. ಚಿಕ್ಕ, ಕಚ್ಚಾ ನೆಲದಲ್ಲೂ ಇಳಿಯುವುದು ಇದರ ಗುಣ. 1948ರ ಮೂರನೇ ಪ್ರಶ್ನೆ, ಎಂಥ ನೆಲ ಎಂಬುದು, ಇನ್ನೂ ಜೀವಂತವಾಗಿದೆ.

ದೋಆಬ್‌ಗೆ ಬೇಕಾದದ್ದು

ರಾಯಚೂರು ಜಿಲ್ಲೆಗೆ ಈ ಮೂರನೇ ಪ್ರಶ್ನೆಯೇ ಮುಖ್ಯ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಈ ದೋಆಬ್. ಬರದ ಸೀಮೆ ಎನಿಸಿಕೊಂಡ ಈ ನೆಲಕ್ಕೆ ಎರಡು ಹೊಳೆಗಳ ನೆರೆಯೂ ತಪ್ಪಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿತು. ಹೊಳೆದಂಡೆಯ ಊರುಗಳು ನೀರಿನ ನಡುವೆ ನಿಂತವು. ವಾಯುಪಡೆಯ ಹೆಲಿಕಾಪ್ಟರ್‌ಗಳು ಉತ್ತರ ಕರ್ನಾಟಕದಲ್ಲಿ ಜನರನ್ನು ಎತ್ತಿದವು, ಆಹಾರ ಪೊಟ್ಟಣ ಇಳಿಸಿದವು. 2019ರಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಸಂಪರ್ಕ ಕಡಿಯಿತು.

ಇಂಥ ಹೊತ್ತಿನಲ್ಲಿ ಹೆಲಿಕಾಪ್ಟರ್ ಕೊನೆಯ ಮೈಲಿಯನ್ನಷ್ಟೇ ದಾಟಿಸಬಲ್ಲದು. ರಕ್ಷಣಾ ತಂಡ, ರಬ್ಬರ್ ದೋಣಿ, ಜನರೇಟರು, ಔಷಧಗಳ ದೊಡ್ಡ ಹೊರೆ ಸಾಗಣೆ ವಿಮಾನದಲ್ಲೇ ಬರಬೇಕು, ಅದು ಇಳಿಯುವ ನೆಲ ಹತ್ತಿರವಿರಬೇಕು. ಕಲಬುರಗಿಗೆ 2019ರಲ್ಲಿ ವಿಮಾನ ನಿಲ್ದಾಣ ಬಂತು. ಬೀದರ್‌ನಲ್ಲಿ ವಾಯುನೆಲೆಯಿದೆ, ಆದರೆ ಅದರ ಮುಖ್ಯ ಕೆಲಸ ಯುದ್ಧ ಪೈಲಟ್‌ಗಳ ತರಬೇತಿ.

ಯರಮರಸ್ ಬಳಿ ರೂಪುಗೊಳ್ಳುತ್ತಿರುವ ರಾಯಚೂರು ವಿಮಾನ ನಿಲ್ದಾಣವನ್ನು ಪ್ರಯಾಣಿಕರ ಟಿಕೆಟ್ ಲೆಕ್ಕದಿಂದ ಮಾತ್ರ ಅಳೆಯುವುದು ಅನ್ಯಾಯ. ಸಿ-295, ಸಿ-130ಜೆ ತೂಕದ ವಿಮಾನವನ್ನು ತಾಳುವ ರನ್‌ವೇ, ಹೊರೆ ಇಳಿಸುವ ವಿಶಾಲ ಅಂಗಳ, ಪಕ್ಕದಲ್ಲೊಂದು ಪರಿಹಾರ ಸಾಮಗ್ರಿ ಗೋದಾಮು, ಮಾನ್ವಿ ಮತ್ತು ದೇವದುರ್ಗಕ್ಕೆ ನೆರೆಯಲ್ಲೂ ಮುಳುಗದ ರಸ್ತೆ, ಇಷ್ಟನ್ನು ನಕ್ಷೆಯಲ್ಲೇ ಸೇರಿಸುವಂತೆ ಜಿಲ್ಲೆಯ ಜನಪ್ರತಿನಿಧಿಗಳು ಈಗಲೇ ಒತ್ತಾಯಿಸಬೇಕು. ಲೇಹ್‌ನ ಜನ ವಿಮಾನ ಬರುವ ಮೊದಲೇ ನೆಲ ಸಿದ್ಧಮಾಡಿದ್ದರು. ಅದರಿಂದಲೇ ಅವರಿಗೆ ನೆರವು ಹೊತ್ತಿಗೆ ಸಿಕ್ಕಿತು. ಎರಡು ಹೊಳೆಗಳ ನಡುವಿನ ನಮ್ಮ ಜಿಲ್ಲೆಯೂ ಹಾಗೆಯೇ ಮುಂದಿನ ನೆರೆಗೆ ಮೊದಲೇ ನೆಲ ಸಿದ್ಧಮಾಡಿಕೊಳ್ಳಬೇಕು.