ಹಿರಿಯ ನಾಗರಿಕರ ದೀರ್ಘಕಾಲದ ನೋವು ಮತ್ತು ಮಾರ್ಫಿನ್ ವರ್ಗದ ಔಷಧಿಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ:
ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎಂದು ಪರಿಗಣಿಸಲಾಗುತ್ತದೆ. ಸಂಧಿವಾತ, ಬೆನ್ನುಮೂಳೆಯ ಸವೆತ, ಸಕ್ಕರೆ ಕಾಯಿಲೆಯಿಂದಾಗುವ ನರಗಳ ನೋವು ಹಾಗೂ ಕ್ಯಾನ್ಸರ್ ಹಿರಿಯರಲ್ಲಿ ಇದಕ್ಕೆ ಮುಖ್ಯ ಕಾರಣಗಳಾಗಿವೆ. ಚಟವಾಗುವುದೆಂಬ ಭಯದಿಂದ ಅಗತ್ಯ ಔಷಧಿಯನ್ನು ನಿರಾಕರಿಸುವುದು ಮತ್ತು ವೈದ್ಯರ ಚೀಟಿಯಿಲ್ಲದೆ ಮಾತ್ರೆ ತಂದು ವರ್ಷಗಟ್ಟಲೆ ನುಂಗುವುದು, ಈ ಎರಡರಿಂದಲೂ ಹಿರಿಯರಿಗೆ ಹಾನಿಯಾಗುತ್ತದೆ.

1. ತಪ್ಪು ತಿಳಿವಳಿಕೆ ಮತ್ತು ವಾಸ್ತವಾಂಶ:

(ಅ) "ವಯಸ್ಸಾದ ಮೇಲೆ ನೋವು ಸಹಜ." ನೋವು ವೃದ್ಧಾಪ್ಯದ ಲಕ್ಷಣವಲ್ಲ, ಅದಕ್ಕೆ ಕಾರಣವಿರುತ್ತದೆ. ಚಿಕಿತ್ಸೆಯಿಲ್ಲದ ನೋವಿನಿಂದ ನಿದ್ರೆ, ಹಸಿವು ಹಾಗೂ ಓಡಾಟ ಕುಗ್ಗಿ ಖಿನ್ನತೆ ಉಂಟಾಗಬಹುದು. ಮಕ್ಕಳಿಗೆ ಹೊರೆಯಾಗಬಾರದೆಂದು ಅನೇಕ ಹಿರಿಯರು ನೋವನ್ನು ಹೇಳಿಕೊಳ್ಳುವುದಿಲ್ಲ. ಮರೆವಿನ ಕಾಯಿಲೆಯಿರುವವರು ಹೇಳಲಾರರು. ಅವರು ಮುಖ ಕಿವುಚುವುದು, ಊಟ ಬಿಡುವುದು, ಸಿಡುಕುವುದನ್ನು ಮನೆಯವರು ಗಮನಿಸತಕ್ಕದ್ದು.

(ಆ) "ಮಾರ್ಫಿನ್ ಕೊಟ್ಟರೆ ಕೊನೆಗಾಲ ಬಂತೆಂದು ಅರ್ಥ." ಮಾರ್ಫಿನ್ ನೀಡುವುದನ್ನು ನೋವಿನ ತೀವ್ರತೆಯ ಮೇಲೆ ನಿರ್ಧರಿಸಲಾಗುತ್ತದೆ, ಉಳಿದ ಆಯುಷ್ಯದ ಮೇಲಲ್ಲ.

(ಇ) "ಒಮ್ಮೆ ಆರಂಭಿಸಿದರೆ ಚಟವಾಗುತ್ತದೆ." ದೀರ್ಘಕಾಲ ಸೇವಿಸಿದಾಗ ದೇಹವು ಔಷಧಿಗೆ ಹೊಂದಿಕೊಳ್ಳುತ್ತದೆ, ಹಠಾತ್ತನೆ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಕಾಣಿಸುತ್ತದೆ. ಇದು ದೈಹಿಕ ಅವಲಂಬನೆಯೇ ಹೊರತು ಚಟವಲ್ಲ. ಹಾನಿ ತಿಳಿದಿದ್ದರೂ ಬಯಕೆ ತಡೆಯಲಾಗದೆ ಸೇವಿಸುವುದು ಚಟ. ಕ್ಯಾನ್ಸರ್ ನೋವಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸುವವರಲ್ಲಿ ಚಟ ವಿರಳ. ಆದರೆ ಮಂಡಿನೋವು, ಬೆನ್ನುನೋವಿನಂತಹ ತೊಂದರೆಗಳಿಗೆ ಈ ಔಷಧಿಗಳು ಮೊದಲ ಆಯ್ಕೆಯಲ್ಲ. ವ್ಯಾಯಾಮ, ಫಿಸಿಯೋಥೆರಪಿ ಹಾಗೂ ಇತರ ಔಷಧಿಗಳನ್ನು ಮೊದಲು ಪ್ರಯತ್ನಿಸಲಾಗುತ್ತದೆ.

2. ಕಾನೂನಿನ ಸ್ಥಿತಿ:
1985ರ ಎನ್.ಡಿ.ಪಿ.ಎಸ್. ಕಾಯ್ದೆಯು ಮಾದಕ ದ್ರವ್ಯಗಳ ವೈದ್ಯಕೀಯ ಬಳಕೆಯನ್ನು ನಿಷೇಧಿಸುವುದಿಲ್ಲ. ಹಿಂದೆ ಆಸ್ಪತ್ರೆಗಳು ಹಲವು ಪರವಾನಗಿಗಳನ್ನು ಪಡೆಯಬೇಕಾಗಿದ್ದುದರಿಂದ ಮಾರ್ಫಿನ್ ದುರ್ಲಭವಾಗಿತ್ತು. 2014ರ ತಿದ್ದುಪಡಿಯು "ಅಗತ್ಯ ಮಾದಕ ಔಷಧಿ" ಎಂಬ ವರ್ಗವನ್ನು ಸೃಷ್ಟಿಸಿತು. 2015ರಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್ ಮತ್ತು ಹೈಡ್ರೊಕೊಡೋನ್ ಈ ವರ್ಗಕ್ಕೆ ಸೇರಿದವು. 2018ರಲ್ಲಿ ಟ್ರಮಡಾಲ್ ಅನ್ನೂ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ.

3. ಔಷಧಿ ಪಡೆಯುವ ವಿಧಾನ:
(ಅ) ರೋಗಿಯು ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಲ್ಲಿ ಅಥವಾ ನೋವು ಶಮನ ಚಿಕಿತ್ಸಾಲಯದಲ್ಲಿ ತಪಾಸಣೆಗೆ ಒಳಗಾಗುವುದು.
(ಆ) ಮಾರ್ಫಿನ್ ಸಾಮಾನ್ಯವಾಗಿ ರಾಜ್ಯ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಲ್ಲಿ ದೊರೆಯುತ್ತದೆ. ಮಾನ್ಯತೆಗೆ ಸಂಸ್ಥೆಯೇ ಅರ್ಜಿ ಸಲ್ಲಿಸತಕ್ಕದ್ದು. ರೋಗಿಯು ಯಾವುದೇ ಪರವಾನಗಿ ಪಡೆಯುವ ಅಗತ್ಯವಿಲ್ಲ.
(ಇ) ಭೇಟಿಯ ವೇಳೆ ಹಿಂದಿನ ಚಿಕಿತ್ಸಾ ದಾಖಲೆಗಳು, ಗುರುತಿನ ಚೀಟಿ ಹಾಗೂ ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು ಜೊತೆಗೆ ತರುವುದು.
(ಈ) ಔಷಧಿಯೊಂದಿಗೆ ಪ್ರಯಾಣಿಸುವಾಗ ವೈದ್ಯರ ಚೀಟಿಯನ್ನು ಇಟ್ಟುಕೊಳ್ಳುವುದು.

4. ಮನೆಯವರು ವಹಿಸಬೇಕಾದ ಎಚ್ಚರಿಕೆ:
- ಮೂತ್ರಪಿಂಡದ ತೊಂದರೆ, ಉಬ್ಬಸ, ಪ್ರಾಸ್ಟೇಟ್ ತೊಂದರೆ ಇದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು.
- ಮದ್ಯ ಅಥವಾ ನಿದ್ರೆ ಮಾತ್ರೆಗಳೊಂದಿಗೆ ಸೇವಿಸಬಾರದು, ಉಸಿರಾಟ ಕುಂಠಿತವಾಗಬಹುದು.
- ಮಲಬದ್ಧತೆ ಸಾಮಾನ್ಯ. ಅದಕ್ಕೂ ಔಷಧಿ ಕೇಳಿ ಪಡೆಯುವುದು.
- ಆರಂಭದ ದಿನಗಳಲ್ಲಿ ತೂಕಡಿಕೆಯಿಂದ ಬೀಳುವ ಸಂಭವವಿದ್ದು, ರಾತ್ರಿ ಎದ್ದಾಗ ಆಸರೆ ನೀಡುವುದು.
- ಎಬ್ಬಿಸಿದರೂ ಏಳದಿದ್ದಲ್ಲಿ ಅಥವಾ ಉಸಿರಾಟ ತೀರಾ ನಿಧಾನವಾದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು.
- ಪ್ರಮಾಣವನ್ನು ತಾವೇ ಹೆಚ್ಚಿಸಬಾರದು, ಹಠಾತ್ತನೆ ನಿಲ್ಲಿಸಲೂಬಾರದು.
- ಔಷಧಿಯನ್ನು ಬೀಗ ಹಾಕಿಡುವುದು. ಉಳಿದುದನ್ನು ಬೇರೆಯವರಿಗೆ ಕೊಡದೆ, ನೀಡಿದ ಸಂಸ್ಥೆಯನ್ನೇ ವಿಚಾರಿಸುವುದು.

5. ಚಟದ ಸಂದೇಹವಿದ್ದಲ್ಲಿ:
ನೋವಿಲ್ಲದಿದ್ದರೂ ಮಾತ್ರೆ ಕೇಳುವುದು, ಹಲವು ವೈದ್ಯರಿಂದ ಚೀಟಿ ಪಡೆಯುವುದು, ಮಾತ್ರೆ ಬಚ್ಚಿಡುವುದು ಕಂಡುಬಂದಲ್ಲಿ ಹಿರಿಯರನ್ನು ನಿಂದಿಸದೆ ವೈದ್ಯರಿಗೆ ತಿಳಿಸತಕ್ಕದ್ದು. ಇದು ಕೂಡ ಚಿಕಿತ್ಸೆಯಿರುವ ಕಾಯಿಲೆ.

ಉಚಿತ ದೂರವಾಣಿ ಸೇವೆಗಳು:
ಹಿರಿಯ ನಾಗರಿಕರ ಸಹಾಯವಾಣಿ: 14567
ವ್ಯಸನಮುಕ್ತಿ ಸಹಾಯವಾಣಿ: 14446
ಟೆಲಿ-ಮಾನಸ್ (ಮಾನಸಿಕ ಆರೋಗ್ಯ): 14416

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಔಷಧಿ ಮತ್ತು ಅದರ ಪ್ರಮಾಣವನ್ನು ನೋಂದಾಯಿತ ವೈದ್ಯರೇ ನಿರ್ಧರಿಸತಕ್ಕದ್ದು.