ಬೀಗಲ್‌ಬೋನ್ ಫಲಕದ ಚರಿತ್ರೆಯಲ್ಲಿ ಬೆಲೆಯ ವಿಚಾರ

ಒಂದೇ ಫಲಕದ ಮೇಲೆ ರಚಿತವಾದ ಚಿಕ್ಕ ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವೇಗವನ್ನೂ ಮೆಮೊರಿಯನ್ನೂ ಎಣಿಸುತ್ತಾರೆ. ಅವುಗಳಿಗಾಗಿ ತೆತ್ತದ್ದೇನೆಂಬುದನ್ನು ಎಣಿಸುವುದು ವಿರಳ. ಅಮೆರಿಕದ ಬೀಗಲ್‌ಬೋನ್ ಫಲಕವನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡನೆಯ ಲೆಕ್ಕವನ್ನು ನಾವು ಪರಿಶೀಲಿಸೋಣ. ಅದರ ರಚನಾನಕ್ಷೆಯೂ ಬಿಡಿಭಾಗಗಳ ಪಟ್ಟಿಯೂ ಬಹಿರಂಗವಾಗಿ ಪ್ರಕಟವಾಗಿರುವುದರಿಂದ ಇದು ಸುಕರವಾಗಿದೆ.

2011ರಲ್ಲಿ ಹೊರಬಂದ ಮೊದಲ ಬೀಗಲ್‌ಬೋನಿನ ಬೆಲೆ 89 ಡಾಲರು. ಮೆಮೊರಿ 256 ಮೆಗಾಬೈಟ್. 2013ರ ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಮೆಮೊರಿ ಇಮ್ಮಡಿಯಾಯಿತು. 2 ಗಿಗಾಬೈಟ್ ಸಂಗ್ರಹವೂ ಎಚ್‌ಡಿಎಂಐ ದ್ವಾರವೂ ಸೇರಿದವು. ಬೆಲೆಯಾದರೋ 45 ಡಾಲರಿಗೆ ಇಳಿಯಿತು. ಇದು ಕೇವಲ ಲಾಭವೆಂದು ತೋರಬಹುದು. ಆದರೆ ಯುಎಸ್‌ಬಿ ಮೂಲಕ ದೋಷಶೋಧನೆಗೆ ಒದಗುತ್ತಿದ್ದ ಸಾಧನವನ್ನು ಫಲಕದಿಂದ ತೆಗೆದುಹಾಕಲಾಗಿತ್ತು. ಬೇಕಾದವರು ಸೀರಿಯಲ್ ಕೇಬಲನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಯಿತು. ಹೊಸ ಸಂಗ್ರಹವೂ ಎಚ್‌ಡಿಎಂಐಯೂ ವಿಸ್ತರಣೆಗೆಂದಿದ್ದ ಪಿನ್ನುಗಳಲ್ಲಿ ಹಲವನ್ನು ಬಳಸಿಕೊಂಡವು.

2014ರ ಸಿ ಪರಿಷ್ಕರಣದಲ್ಲಿ ಸಂಗ್ರಹವು 4 ಗಿಗಾಬೈಟ್ ಆಯಿತು; ಬೆಲೆ 55 ಡಾಲರಿಗೆ ಏರಿತು. ಡೆಬಿಯನ್ ವ್ಯವಸ್ಥೆಯನ್ನು ಫಲಕದಲ್ಲಿಯೇ ಇರಿಸಿ ಪಾಠ ಹೇಳುವವರಿಗೆ ಇದರ ಪ್ರಯೋಜನ ಅಧಿಕ. ಮೈಕ್ರೊ ಎಸ್‌ಡಿ ಕಾರ್ಡಿನಿಂದಲೇ ಯಂತ್ರವನ್ನು ನಡೆಸುವವರಿಗೆ ಅಲ್ಪ. 20 ಫಲಕಗಳ ಪ್ರಯೋಗಶಾಲೆಗೆ ಈ ವ್ಯತ್ಯಾಸ 200 ಡಾಲರು. ಹಿಂದಿನ ಬೆಲೆಯಲ್ಲಿ ಅಷ್ಟು ಹಣಕ್ಕೆ ಇನ್ನೂ ನಾಲ್ವರು ವಿದ್ಯಾರ್ಥಿಗಳ ಕೈಗೆ ಫಲಕ ದೊರೆಯುತ್ತಿತ್ತು.

ಬೆಲೆ ಇಳಿದಾಗ ಒಂದು ಸೌಲಭ್ಯ ಹೋಯಿತು. ಸೌಲಭ್ಯ ಹೆಚ್ಚಿದಾಗ ಬೆಲೆ ಏರಿತು. ಮುಕ್ತ ವಿನ್ಯಾಸವು ಈ ಕೊಡುಕೊಳ್ಳುವಿಕೆಯನ್ನು ತಪ್ಪಿಸಲಿಲ್ಲ; ಮರೆಮಾಚದೆ ತೋರಿಸಿತು. ಆದುದರಿಂದ ಅಧ್ಯಾಪಕರು ಹೊಸತೆಂಬ ಕಾರಣಕ್ಕಾಗಿ ಕೊಳ್ಳದೆ, ತಮ್ಮ ಪಾಠಕ್ಕೆ ಬೇಕಾದುದನ್ನು ನಿಶ್ಚಯಿಸಿಕೊಂಡು ಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.